ಕೊಯ್ಯದ ಮುಚ್ಚಳ

ಸೆಪ್ಟೆಂಬರ್ 3, ಮಂಗಳವಾರ

ಜಗಳ ಆಡಲು ಮನೆಯಲ್ಲಿ ಯಾರೂ ಉಳಿದಿಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ. ಇವರ ಜೊತೆ ಜಗಳ ಆಡುವುದೂ ಒಂದೇ, ಗೋಡೆಗೆ ಚೆಂಡು ಎಸೆಯುವುದೂ ಒಂದೇ. ಗೋಡೆಯಾದರೂ ಚೆಂಡನ್ನು ವಾಪಸ್ಸು ಕೊಡುತ್ತದೆ. ಮಾತು ಬೆಳ್ಳಿ ಮೌನ ಬಂಗಾರ ಎನ್ನುವುದು ನಿಜವಾಗಿದ್ದರೆ ನನ್ನ ಗಂಡ ಬಸ್ಸು ಓಡಿಸಬೇಕಾಗಿರಲಿಲ್ಲ, ಬಸ್ಸಿನ ಕಂಪನಿಯನ್ನೇ ಕೊಂಡುಕೊಳ್ಳಬಹುದಿತ್ತು.

ಅತ್ತೆ ಹೋಗಿ ಮೂರು ವಾರವಾಯಿತು. ಇವತ್ತು ಮೊದಲ ಸಲ ಕೆಲಸದ ಕೋಣೆಯ ಬಾಗಿಲು ತೆಗೆದೆ. ಎರಡು ಕುರ್ಚಿ, ನಡುವೆ ಒಂದೇ ಮೇಜು. ಕಿಟಕಿಯ ಪಕ್ಕದ್ದು ಅವರದು, ಬೆಳಕು ಚೆನ್ನಾಗಿರುವುದು ಅಲ್ಲೇ. ಗೋಡೆಯ ಕಡೆಯದು ನನ್ನದು. ಇಪ್ಪತ್ತೆಂಟು ವರ್ಷ ನಾನು ಡಬ್ಬಿ ಕಟ್ಟಿದೆ, ಅವರು ಅದರ ಮೇಲೆ ಹಕ್ಕಿ ಬರೆದರು. ಉಂಗುರ, ಗುಂಡಿ, ಸೂಜಿ, ಮಾತ್ರೆ ಇಟ್ಟುಕೊಳ್ಳುವಂಥ ಅಂಗೈಯಗಲದ ಮಣ್ಣಿನ ಡಬ್ಬಿಗಳು. ಜನ ದುಡ್ಡು ಕೊಡುವುದು ಹಕ್ಕಿಗೆ ಎಂದು ಅವರ ವಾದ. ಹಕ್ಕಿಗೆ ಕೂರಲು ಜಾಗ ಬೇಡವೇ ಎಂದು ನನ್ನದು. ಈ ಒಂದು ಜಗಳದಲ್ಲೇ ನಾವು ಸಂಸಾರ ಮಾಡಿದೆವು.

ನಮ್ಮ ಮನೆಯ ಕ್ರಮವೇ ಬೇರೆ. ಮಣ್ಣನ್ನು ಲಟ್ಟಿಸಿ, ಹಾಳೆಯಂತೆ ಕೊಯ್ದು, ಆರೂ ಕಡೆ ಮುಚ್ಚಿ ಮೊದಲು ಇಡೀ ಪೆಟ್ಟಿಗೆ ಕಟ್ಟಿಬಿಡುತ್ತೇವೆ. ಅದಕ್ಕೆ ಬಾಯಿಯೇ ಇರುವುದಿಲ್ಲ. ಒಂದು ದಿನ ಬಿಟ್ಟು, ಮಣ್ಣು ಚಪ್ಪಲಿಯ ತೊಗಲಿನ ಹದಕ್ಕೆ ಬಂದಾಗ ಸಣ್ಣ ಚಾಕುವಿನಿಂದ ಸುತ್ತ ಕೊಯ್ದು ಮುಚ್ಚಳ ಬಿಡಿಸುತ್ತೇವೆ. ಒಂದೇ ಮೈಯಿಂದ ಬೇರೆಯಾದದ್ದರಿಂದ ಆ ಮುಚ್ಚಳ ಇನ್ನೊಂದು ಡಬ್ಬಿಗೆ ಕೂರುವುದಿಲ್ಲ. ಆಮೇಲೆ ಅದು ಅತ್ತೆಯ ಕೈಗೆ. ಹಕ್ಕಿ ಮುಚ್ಚಳದ ಮೇಲೇ ಇರಬೇಕು, ಕೊಯ್ದ ಗೆರೆಯನ್ನು ಅದರ ಬಾಲವೂ ದಾಟಬಾರದು. ಇದು ಅವರೇ ಮಾಡಿದ ಕಾನೂನು.

ಅವರ ಕುರ್ಚಿಯ ಮುಂದೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಡಬ್ಬಿ ಹಾಗೆಯೇ ಇತ್ತು. ಅದನ್ನು ಅವರು ಆ ದಿನ ತಾವೇ ಕಟ್ಟಿದ್ದು. ನಾನು ಮದುವೆಯಾಗಿ ಬಂದ ಮೇಲೆ ಅವರು ಕಟ್ಟುವ ಕೆಲಸವನ್ನು ನನಗೆ ಬಿಟ್ಟಿದ್ದರು, ಬೆರಳ ಗಂಟು ನೋವು ಎಂದು. ಅವತ್ತು ನಾನು ಅಂಗಡಿಗೆ ಮಾಲು ಕೊಟ್ಟು ಬರುವಷ್ಟರಲ್ಲಿ ಕಟ್ಟಿ, ಹಕ್ಕಿ ಬರೆದು, ಸುತ್ತಿಟ್ಟು, ಕುರ್ಚಿಯಲ್ಲಿ ಒಂದು ಪಕ್ಕಕ್ಕೆ ವಾಲಿದ್ದರು. ಆಂಬುಲೆನ್ಸ್ ಬರುವ ತನಕ ನನ್ನ ಕೈ ಬಿಡಲಿಲ್ಲ. ಏನೋ ಹೇಳುತ್ತಾರೆ ಎಂದು ಕಿವಿಯನ್ನು ಬಾಯಿಯ ಹತ್ತಿರ ಒಯ್ದೆ.

"ಆ ಪ್ಲಾಸ್ಟಿಕ್ಕಲ್ಲಿರೋದಕ್ಕೆ ಮುಚ್ಚಳ ಕೊಯ್ಯಬೇಡ, ಹುಡುಗಿ. ಅದು..." ಅಷ್ಟೇ. ಆಮೇಲೆ ನಾಲಿಗೆ ಹೊರಳಲಿಲ್ಲ. ಎರಡು ದಿನಕ್ಕೆ ಆಸ್ಪತ್ರೆಯಲ್ಲೇ ಹೋದರು.

ಐವತ್ತು ದಾಟಿದ ನಾನು ಅವರಿಗೆ ಕೊನೆಯವರೆಗೂ ಹುಡುಗಿಯೇ. ಇರಲಿ. ಆದರೆ ಇಷ್ಟು ವರ್ಷದ ಕೊನೆಗೆ ನನ್ನ ಪಾಲಿಗೆ ಬಂದ ಮಾತು ಇದು. ಚೆನ್ನಾಗಿರು ಎಂದಲ್ಲ, ಮಗನನ್ನು ನೋಡಿಕೋ ಎಂದೂ ಅಲ್ಲ. ನಿನ್ನ ಕೈಗೆ ಚಾಕು ಸಿಕ್ಕರೆ ಕೆಡಿಸುತ್ತೀಯ, ಅದು ನನ್ನದು, ನಾನೇ ಬಂದು ಕೊಯ್ಯುತ್ತೇನೆ ಎಂದು. ಸಾಯುವಾಗಲೂ ನನ್ನ ಕೈಕೆಲಸಕ್ಕೊಂದು ಕೊಂಕು.

ಬಿಚ್ಚಿ ನೋಡಿದೆ. ಎರಡು ಪುಟ್ಟ ಬಟ್ಟಲನ್ನು ಬಾಯಿಗೆ ಬಾಯಿ ಸೇರಿಸಿ ಮುಚ್ಚಿದ್ದಾರೆ. ಎಲ್ಲೂ ಮೂಲೆಯಿಲ್ಲ, ತಳವೂ ಸಮವಿಲ್ಲ, ಮೇಜಿನ ಮೇಲಿಟ್ಟರೆ ಉರುಳುತ್ತದೆ. ನಾನು ಹೀಗೆ ಕಟ್ಟಿದ್ದರೆ ವಾರವೆಲ್ಲ ಆಡಿಕೊಳ್ಳುತ್ತಿದ್ದರು. ಹಕ್ಕಿಯಂತೂ ಒಂದು ಕಡೆ ಕೊಕ್ಕು, ಇನ್ನೊಂದು ಕಡೆ ಬಾಲ, ಇಡೀ ಮೈಗೆ ಸುತ್ತಿಕೊಂಡಿದೆ. ಎಲ್ಲಿ ಕೊಯ್ದರೂ ಅದರ ಕುತ್ತಿಗೆಯನ್ನೋ ರೆಕ್ಕೆಯನ್ನೋ ಕೊಯ್ಯಬೇಕು. ಬೇಕೆಂದೇ ಹೀಗೆ ಬರೆದಿದ್ದಾರೆ, ಕೆಟ್ಟ ಹೆಸರು ನನಗೇ ಬರಲಿ ಎಂದು.

ಪ್ಲಾಸ್ಟಿಕ್ಕಿನೊಳಗೆ ಅದಕ್ಕೆ ಸುತ್ತಿದ್ದ ಒದ್ದೆ ಬಟ್ಟೆ ಒಣಗತೊಡಗಿತ್ತು. ಮಣ್ಣು ಒಣಗಿಬಿಟ್ಟರೆ ಮುಂದೆ ಯಾರೂ ಕೊಯ್ಯಲಾರರು, ಪುಡಿಯಾಗುತ್ತದೆ. ಬಟ್ಟೆಯನ್ನು ಒದ್ದೆ ಮಾಡಿ ಮತ್ತೆ ಸುತ್ತಿಟ್ಟೆ. ಯಾಕೆ ಹಾಗೆ ಮಾಡಿದೆನೋ ಗೊತ್ತಿಲ್ಲ.

ಸೆಪ್ಟೆಂಬರ್ 6, ಶುಕ್ರವಾರ

ನಾದಿನಿ ಫೋನು ಮಾಡಿದ್ದಳು. ಅದೂ ಇದೂ ಮಾತಾಡಿ, ಕೊನೆಗೆ ಅವ್ವನ ಉಂಗುರದ ವಿಷಯಕ್ಕೆ ಬಂದಳು. ಅತ್ತೆಯ ಎಡಗೈಯಲ್ಲಿ ಸವೆದು ತಂತಿಯಂತಾಗಿದ್ದ ಒಂದು ಚಿನ್ನದ ಉಂಗುರವಿತ್ತು. ಆಸ್ಪತ್ರೆಯಿಂದ ತಂದಾಗ ಬೆರಳಲ್ಲಿ ಇರಲಿಲ್ಲ. ನನಗೆ ಗೊತ್ತಿಲ್ಲ ಎಂದೆ. "ಮನೇಲಿ ಇದ್ದಿದ್ದು ನೀವೇ ತಾನೇ ಅತ್ತಿಗೆ" ಎಂದಳು, ಬಹಳ ಮೆತ್ತಗೆ. ಕಲ್ಲಿಗಿಂತ ಮೆತ್ತಗಿನ ಮಾತೇ ಜಾಸ್ತಿ ಪೆಟ್ಟು ಕೊಡುತ್ತದೆ.

ಇವರಿಗೆ ಹೇಳಲಿಲ್ಲ. ಹೆತ್ತ ತಾಯಿ ಹೋದ ದುಃಖದಲ್ಲಿರುವವರ ಮುಂದೆ ಚಿನ್ನದ ಮಾತು ಎತ್ತಲೇ? ಅವಳೂ ಹೇಳಿಲ್ಲವಂತೆ, ಅಣ್ಣನಿಗೆ ಬೇಸರವಾಗುತ್ತದೆ ಎಂದು. ನನಗೆ ಬೇಸರವಾದರೆ ಅಡ್ಡಿಯಿಲ್ಲ.

ಮಧ್ಯಾಹ್ನ ಕೆಲಸದ ಕೋಣೆಯಲ್ಲಿ ಟಿಣ್ ಎಂದು ಸದ್ದಾಯಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ. ಹಲಗೆಯ ಮೇಲಿರುವ ಹಳೆಯ ಡಬ್ಬಿಗಳದು. ಭಟ್ಟಿಯಿಂದ ಬಂದು ಎಷ್ಟು ಕಾಲವಾದರೂ ಮೇಲಿನ ಮೆರುಗು ಒಳಗೊಳಗೇ ಕೂದಲೆಳೆಯಷ್ಟು ಸೀಳುತ್ತಿರುತ್ತದೆ, ಆಗ ಹೀಗೆ ಸದ್ದು ಬರುತ್ತದೆ. ನನಗೆ ಗೊತ್ತಿದ್ದದ್ದೇ. ಆದರೂ ಈ ಮೊದಲು ಸದ್ದು ಬಂದಾಗ ಎದುರು ಕುರ್ಚಿಯಿಂದ "ನೋಡು, ಕರೀತಿದಾವೆ" ಎನ್ನುವ ಮಾತೂ ಬರುತ್ತಿತ್ತು. ಇವತ್ತು ಅದಕ್ಕೆ ಕಾದೆ. ಕಾದದ್ದು ಗೊತ್ತಾದ ಮೇಲೆ ಎದ್ದು ಹೊರಗೆ ಬಂದುಬಿಟ್ಟೆ.

ಸೆಪ್ಟೆಂಬರ್ 11, ಬುಧವಾರ

ಹಕ್ಕಿಯಿಲ್ಲದ ಡಬ್ಬಿಗಳನ್ನು ಕಟ್ಟಿ, ಸುಟ್ಟು, ಅಂಗಡಿಗೆ ಒಯ್ದೆ. ಅಂಗಡಿಯಾಕೆ ಒಂದೊಂದನ್ನೂ ತಿರುಗಿಸಿ ನೋಡಿ, ಮುಚ್ಚಳ ತೆಗೆದು ಹಾಕಿ, ತುಂಬ ಚೆನ್ನಾಗಿ ಕೂರುತ್ತದೆ ಎಂದು ಹೊಗಳಿ, ಹಾಗೆಯೇ ಎಲ್ಲವನ್ನೂ ಮತ್ತೆ ನನ್ನ ಚೀಲಕ್ಕೆ ತುಂಬಿದಳು. ಹಕ್ಕಿ ಇದ್ದರೆ ತನ್ನಿ ಎಂದಳು. ಅತ್ತೆ ಗೆದ್ದರು. ಸತ್ತು ತಿಂಗಳಾಗುವ ಮೊದಲೇ ಗೆದ್ದರು.

ಮನೆಗೆ ಬಂದು ಅವರ ಕುಂಚ ತೆಗೆದುಕೊಂಡೆ. ಹಟಕ್ಕೆ. ನೀರಿನಂತೆ ಕಲಸಿದ ಕಪ್ಪು ಮಣ್ಣಿನಲ್ಲಿ ಅದ್ದಿ ಒಂದು ಹಕ್ಕಿ ಬರೆದೆ. ಬಾತುಕೋಳಿಗೆ ಜ್ವರ ಬಂದಂತಿತ್ತು. ಒರೆಸಿ ಮತ್ತೆ ಬರೆದೆ. ಕಿಟಕಿಯ ಹತ್ತಿರ ಬೆಳಕು ಸರಿಯಾಗಿರುತ್ತದೆ ಎಂದು ಆ ಕುರ್ಚಿಯಲ್ಲಿ ಕೂತೆ, ಬೇರೇನಿಲ್ಲ.

ಮಾದರಿಗೆ ಇರಲಿ ಎಂದು ಪ್ಲಾಸ್ಟಿಕ್ಕಿನಿಂದ ಅವರ ಉರುಳುಡಬ್ಬಿಯನ್ನು ತೆಗೆದು ಎದುರಿಗೆ ಇಟ್ಟುಕೊಂಡೆ. ಆ ಹಕ್ಕಿಯ ಕಣ್ಣು ಮಾತ್ರ ಬೇರೆ ಥರ. ಹಲಗೆಯ ಮೇಲಿನ ಹಕ್ಕಿಗಳಿಗೂ ಕಪ್ಪು ಚುಕ್ಕಿಯ ಕಣ್ಣೇ. ಆದರೆ ಅವುಗಳ ಕಣ್ಣು ಕಾಣುತ್ತದೆ, ಇದರ ಕಣ್ಣು ನೋಡುತ್ತದೆ. ಎಷ್ಟು ಕಪ್ಪು ಎಂದರೆ ಬೆಳಕು ಬಿದ್ದರೂ ಮಿನುಗುವುದಿಲ್ಲ. ಡಬ್ಬಿಯನ್ನು ಗೋಡೆಯ ಕಡೆ ತಿರುಗಿಸಿದೆ. ಮೇಜಿನ ಮೇಲೆ ತಾನಾಗಿ ಮೆಲ್ಲಗೆ ಉರುಳಿ ಮತ್ತೆ ನನ್ನ ಕಡೆಗೇ ಬಂದು ನಿಂತಿತು. ತಳ ಸರಿಯಿಲ್ಲ, ಅದಕ್ಕೇ.

ಸೆಪ್ಟೆಂಬರ್ 12

ಒಳಗೆ ಏನೋ ಇದೆ.

ಬಟ್ಟೆ ಬದಲಿಸಲು ಎತ್ತಿದಾಗ ಅದರೊಳಗೆ ಏನೋ ಸರಿಯಿತು. ಗಟ್ಟಿ ಸದ್ದಲ್ಲ. ಬಟ್ಟೆಯಲ್ಲಿ ಸುತ್ತಿದ್ದು ಹೊರಳಿದಂತೆ, ಪಕ್ಕದ ಕೋಣೆಯಲ್ಲಿ ಯಾರೋ ಮಗ್ಗುಲು ಬದಲಿಸಿದಂತೆ. ಬೇಗ ಬೇಗ ಸುತ್ತುವಾಗ ಹೆಬ್ಬೆರಳು ಸ್ವಲ್ಪ ಒತ್ತಿತು, ಮಣಿಕಟ್ಟಿನ ಮೇಲೆ ಎಳೆಯಷ್ಟು ಗಾಳಿ ಬಿತ್ತು. ಕಿಟಕಿ ಮುಚ್ಚಿತ್ತು. ಫ್ಯಾನು ಇರಲಿಲ್ಲ.

ಅದು ಉಸಿರು ಬಿಟ್ಟಿತು. ಬೇರೆ ಯಾವ ರೀತಿ ಬರೆಯಲಿ ತಿಳಿಯುತ್ತಿಲ್ಲ. ಸುತ್ತಲೂ ಮುಚ್ಚಿದ ಮಣ್ಣಿನಿಂದ ಗಾಳಿ ಎಲ್ಲಿಂದ ಬರಬೇಕು? ನನಗೆ ಭಯವಾಯಿತು, ನಿಜವಾಗಿ ಭಯವಾಯಿತು. ಇವರು ಡ್ಯೂಟಿ ಮುಗಿಸಿ ಬರುವ ತನಕ ಬೀದಿಯ ಮೆಟ್ಟಿಲ ಮೇಲೆ ಕೂತಿದ್ದೆ. ಯಾಕೆ ಇಲ್ಲಿ ಕೂತಿದ್ದೀಯ ಎಂದೂ ಇವರು ಕೇಳಲಿಲ್ಲ. ಪಕ್ಕದಲ್ಲಿ ಕೂತರು, ಆಮೇಲೆ ಇಬ್ಬರೂ ಒಳಗೆ ಬಂದೆವು.

ಸೆಪ್ಟೆಂಬರ್ 20, ಶುಕ್ರವಾರ

ಉಂಗುರ ಅದರೊಳಗಿದೆ. ನನಗೀಗ ಖಾತ್ರಿಯಾಗಿದೆ. ಕಾಗದದಲ್ಲಿ ಸುತ್ತಿ ಒಳಗಿಟ್ಟು ಮುಚ್ಚಿದ್ದಾರೆ. ಕಟ್ಟುವಾಗ ಮಣ್ಣು ಮೆತ್ತುತ್ತದೆ ಎಂದು ಉಂಗುರ ತೆಗೆದಿಡುವುದು ಅವರ ಅಭ್ಯಾಸ. ಆಂಬುಲೆನ್ಸಿನ ದಿನ ಬೆರಳಲ್ಲಿ ಇತ್ತೋ ಇಲ್ಲವೋ ನನಗೆ ನೆನಪಿಲ್ಲ. ಕೈಯನ್ನು ಹಿಡಿದವಳು ನಾನೇ, ಆದರೂ ನೆನಪಿಲ್ಲ.

ಇಷ್ಟು ಹೊತ್ತಿಗೆ ಸುಮ್ಮನಿರಬೇಕಿತ್ತು. ಬಾಯಿ ತಡೆಯದೆ ಫೋನಿನಲ್ಲಿ ನಾದಿನಿಗೆ ಹೇಳಿಬಿಟ್ಟೆ. ಸಂಜೆಯೊಳಗೆ ಬಂದಳು. ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಡೆಯಿರಿ ಎಂದಳು. ಕೊಯ್ದರೆ ಸಾಕು, ಒಡೆಯುವುದು ಬೇಡ ಎಂದೆ. ಹಾಗಾದರೆ ಕೊಯ್ಯಿರಿ ಎಂದಳು. ಕೊಯ್ಯಬೇಡ ಎಂದು ಅತ್ತೆ ಹೇಳಿದ್ದಾರೆ ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು.

"ಒಳಗೆ ಇದೆ ಅಂತ ನೀವೇ ಹೇಳ್ತೀರ, ತೆಗೆಯೋದು ಬೇಡ ಅಂತಾನೂ ನೀವೇ ಹೇಳ್ತೀರ. ನಾನು ಏನಂತ ತಿಳ್ಕೋಬೇಕು ಅತ್ತಿಗೆ?"

ಅವಳದೂ ತಪ್ಪಿಲ್ಲ. ಅವಳ ಜಾಗದಲ್ಲಿ ನಾನಿದ್ದರೆ ಇಷ್ಟು ನಯವಾಗಿ ಕೇಳುತ್ತಿರಲಿಲ್ಲ. ಅಕ್ಟೋಬರ್ ಮೊದಲ ಭಾನುವಾರ ಬರುತ್ತೇನೆ, ಅಷ್ಟರಲ್ಲಿ ತೆಗೆದಿಡಿ, ಇಲ್ಲವಾದರೆ ಅಣ್ಣನ ಮುಂದೆಯೇ ಮಾತಾಡೋಣ ಎಂದು ಹೇಳಿ ಹೋದಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಒಂದು ಸಲ ಮೇಜಿನ ಅಂಚಿಗೆ ತಟ್ಟಿದರೆ ನನ್ನ ಮಾನ ಉಳಿಯುತ್ತದೆ. ಕಳ್ಳಿ ಎನ್ನಿಸಿಕೊಂಡು ಈ ಮನೆಯಲ್ಲಿ ಬದುಕುವುದು ನನ್ನಿಂದಾಗದು.

ಸೆಪ್ಟೆಂಬರ್ 24

ನೀರು ಕೊಟ್ಟೆ. ಬಟ್ಟೆಯ ಮೇಲೆ ಬೂಷ್ಟು ಬರುತ್ತಿದೆ, ತೊಳೆದು ಹಾಕಿದೆ. ಈ ಥರ ಎಷ್ಟು ದಿನ ಹದದಲ್ಲಿಡಬಹುದು ಎಂದು ಅವರನ್ನೇ ಕೇಳಬೇಕಿತ್ತು.

ಎಂಟು ಹಕ್ಕಿ ಬರೆದೆ. ಮೂರು ಹಾರುವಂತಿವೆ.

ಸೆಪ್ಟೆಂಬರ್ 29, ಭಾನುವಾರ

ಚಾಕು ಮಸೆದು ಕೂತಿದ್ದೆ. ಎಡಗೈಯಲ್ಲಿ ಅದನ್ನು ಹಿಡಿದು, ಎಲ್ಲಿಂದ ಶುರು ಮಾಡಲಿ ಎಂದು ತಿರುಗಿಸಿ ತಿರುಗಿಸಿ ನೋಡಿದೆ. ಕುತ್ತಿಗೆಯ ಕೆಳಗೆ ಒಂದು ಕಡೆ ಗೆರೆಗಳು ವಿರಳವಾಗಿದ್ದವು. ಅಲ್ಲಿ ಮೊನೆ ಇಟ್ಟೆ. ಒಂದು ಅಕ್ಕಿಕಾಳಿನಷ್ಟು ಒಳಗೆ ಹೋಯಿತು.

ಒಳಗಿನದು ಸರಿಯಿತು. ನಾನು ಅಲುಗಾಡಿಸಿರಲಿಲ್ಲ, ಅಥವಾ ಚಾಕು ಒತ್ತಿದ್ದಕ್ಕೇ ಅಲುಗಿತೋ. "ಏನಿದೆ ಹೇಳಿ ಅತ್ತೆ, ಅರ್ಧ ಹೇಳಿ ಹೋದರೆ ನಾನು ಏನು ಮಾಡಲಿ" ಎಂದು ಗಟ್ಟಿಯಾಗಿಯೇ ಕೇಳಿದೆ. ಹಲಗೆಯ ಮೇಲೆ ಟಿಣ್ ಎಂದಿತು. ಆ ಸದ್ದಿಗೆ ಕಾರಣ ಏನೆಂದು ನಾನೇ ಹಿಂದೆ ಬರೆದಿದ್ದೇನೆ, ಗೊತ್ತಿದೆ. ಆದರೂ ಚಾಕು ಕೆಳಗಿಟ್ಟೆ. ಅದಕ್ಕೆ ಗಾಯವಾದ ಕಡೆ ಗಂಜಿಯಂತೆ ಕಲಸಿದ ಮಣ್ಣು ಹಚ್ಚಿ ಬೆರಳಿನಿಂದ ಸವರಿದೆ. ಆಗ ನನಗೆ ಅಳು ಬಂತು. ಕೋಪದ ಅಳು ಅಂದುಕೊಂಡಿದ್ದೇನೆ.

ಅಕ್ಟೋಬರ್ 6, ಭಾನುವಾರ

ಎಲ್ಲವನ್ನೂ ಬರೆಯಬೇಕು, ಮರೆಯುವ ಮೊದಲು.

ನಾದಿನಿ ಬೆಳಿಗ್ಗೆಯೇ ಬಂದಳು. ಇವರಿಗೆ ರಜೆ. ಕೆಲಸದ ಕೋಣೆಯಲ್ಲಿ ಮೂವರೂ ನಿಂತಿದ್ದೆವು, ಮೇಜಿನ ಮೇಲೆ ಅದು. ನಾದಿನಿ ಅಣ್ಣನಿಗೆ ಎಲ್ಲ ಹೇಳಿದಳು. ನ್ಯಾಯವಾಗಿಯೇ ಹೇಳಿದಳು, ನನ್ನನ್ನು ಕಳ್ಳಿ ಅನ್ನಲಿಲ್ಲ. ಉಂಗುರ ಎನ್ನುವ ಪದ ಬರುತ್ತಲೇ ಇವರ ಕೈ ಎದೆಯ ಜೇಬಿಗೆ ಹೋಯಿತು. ಸುಮ್ಮನೆ ಹೊರಗೆ ತೆಗೆದು ಮೇಜಿನ ಮೇಲಿಟ್ಟರು. ಆ ತಂತಿಯಂಥ ಉಂಗುರ.

ಆಸ್ಪತ್ರೆಯಲ್ಲಿ ಬೆರಳು ಊದಿಕೊಂಡಿತೆಂದು ನರ್ಸ್ ಬಿಚ್ಚಿ ಇವರ ಕೈಗೆ ಕೊಟ್ಟಿದ್ದಳಂತೆ. ಅಂದಿನಿಂದ ಅಂಗಿ ಬದಲಿಸಿದಾಗಲೆಲ್ಲ ಜೇಬಿನಿಂದ ಜೇಬಿಗೆ. ಬಸ್ಸು ಓಡಿಸುವಾಗಲೂ ಎದೆಯ ಮೇಲೆ ತಾಯಿಯ ಉಂಗುರ. ಮನೆಯಲ್ಲಿ ಹುಡುಕುತ್ತಿದ್ದದ್ದು ಇವರಿಗೆ ಗೊತ್ತೇ ಇರಲಿಲ್ಲ, ಯಾಕೆಂದರೆ ಇವರಿಗೆ ಬೇಸರವಾಗುತ್ತದೆಂದು ನಾವಿಬ್ಬರೂ ಬಾಯಿ ಮುಚ್ಚಿಕೊಂಡಿದ್ದೆವು. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಅಲೆದ ಕಥೆ. ನಾದಿನಿ ನನ್ನ ಕೈ ಹಿಡಿದುಕೊಂಡಳು, ಏನೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ. ಈ ಮನೆಯ ರೋಗ ನಮಗೂ ಅಂಟಿದೆ.

ಹಾಗಾದರೆ ಒಳಗಿರುವುದೇನು? ಇವರು ಡಬ್ಬಿಯನ್ನು ಎತ್ತಿಕೊಂಡರು. ಅಲ್ಲಾಡಿಸಿದರು. ಇನ್ನೊಂದು ಸಲ ಅಲ್ಲಾಡಿಸಿದರು. ಇವರ ಮುಖ ಸಣ್ಣ ಹುಡುಗನ ಮುಖದಂತಾಯಿತು.

"ಇದು ಡಬ್ಬಿ ಅಲ್ಲ ಕಣೇ," ಎಂದರು. "ಇದು ಗಿಲಕಿ."

ನಾದಿನಿ ಹುಟ್ಟುವ ಮೊದಲು ಅತ್ತೆ ಇಂಥದೊಂದನ್ನು ಮಾಡಿದ್ದರಂತೆ, ಇವರಿಗಾಗ ಆರು ವರ್ಷ. ಮಣ್ಣಿನ ಸಣ್ಣ ಗೋಲಿಗಳನ್ನು ಮಾಡಿ, ಒಳಮೈಗೆ ಅಂಟಿಕೊಳ್ಳದಿರಲಿ ಎಂದು ಕಾಗದದಲ್ಲಿ ಸುತ್ತಿ ಒಳಗೆ ಹಾಕಿ ಮುಚ್ಚಿದ್ದರು. ಬೆಂಕಿಯಲ್ಲಿ ಕಾಗದ ಉರಿದುಹೋಗುತ್ತದೆ, ಆಮೇಲೆ ಗೋಲಿಗಳು ಗಿಲ್ ಎನ್ನುತ್ತವೆ. ಒಂದು ತೂತು ಇರಬೇಕಲ್ಲ, ಇಲ್ಲದಿದ್ದರೆ ಭಟ್ಟಿಯಲ್ಲಿ ಒಳಗಿನ ತೇವ ಹೊರಗೆ ಬರಲಾಗದೆ ಸಿಡಿದುಹೋಗುತ್ತದೆ ಎಂದೆ. ಇವರು ಬೆಳಕಿಗೆ ಹಿಡಿದು ತಿರುಗಿಸಿ, ಪೊರಕೆಯಿಂದ ಒಂದು ಕಡ್ಡಿ ಮುರಿದು, ಹಕ್ಕಿಯ ಕಣ್ಣಿನೊಳಗೆ ಇಳಿಸಿದರು. ಕಡ್ಡಿ ಸಲೀಸಾಗಿ ಒಳಗೆ ಹೋಯಿತು.

ಅದು ಬಣ್ಣವಲ್ಲ, ತೂತು. ನನ್ನನ್ನು ನೋಡುತ್ತಿದ್ದದ್ದು ಡಬ್ಬಿಯ ಒಳಗಿನ ಕತ್ತಲೆ. ಉಸಿರು ಬಿಟ್ಟದ್ದೂ ಅಲ್ಲಿಂದಲೇ. ಹುಟ್ಟಿದ ಮಗು ಹಿಡಿಯುವ ವಸ್ತುವೆಂದೇ ಎಲ್ಲೂ ಮೂಲೆಯಿಲ್ಲ. ಕೊಯ್ಯುವುದೇ ಇಲ್ಲವಾದ್ದರಿಂದ ಹಕ್ಕಿ ಎಲ್ಲ ಕಡೆ ಹರಡಿಕೊಂಡಿದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ನಮ್ಮಂಥವರಿಗೆ ಬೇಕು. ಇಡೀ ಜನ್ಮ ಡಬ್ಬಿ ಕಟ್ಟಿದವಳಿಗೆ ಮುಚ್ಚಿದ ಮಣ್ಣೆಂದರೆ ಇನ್ನೂ ಕೊಯ್ಯದ ಡಬ್ಬಿ, ಅಷ್ಟೇ. ಬೇರೆ ಯಾರಾದರೂ ಬೀದಿಯಲ್ಲಿ ಹೋಗುವವರು ನೋಡಿದ್ದರೆ ಆಟದ ಸಾಮಾನು ಎಂದು ಮೊದಲ ದಿನವೇ ಹೇಳುತ್ತಿದ್ದರು.

ಕೊಯ್ಯಬೇಡ, ಅದು ಡಬ್ಬಿ ಅಲ್ಲ ಎಂದು ಹೇಳಲು ಹೊರಟಿದ್ದರು. ನನ್ನ ಕೈಕೆಲಸದ ಬಗ್ಗೆ ಅಲ್ಲವೇ ಅಲ್ಲ. ಎರಡು ತಿಂಗಳು ನಾನು ಸತ್ತವರ ಜೊತೆ ಸುಳ್ಳು ಜಗಳ ಆಡಿದೆ.

ಆದರೆ ಈ ಮನೆಯಲ್ಲಿ ಯಾವ ಮಗು?

ಅಕ್ಟೋಬರ್ 8

ಬಟ್ಟೆ ತೆಗೆದುಬಿಟ್ಟೆ. ಇನ್ನು ಒಣಗಲಿ. ಕೈಗೆ ಕೆಲಸವಿಲ್ಲದಂತಾಗಿದೆ, ಬೆಳಿಗ್ಗೆ ಎದ್ದು ಅಭ್ಯಾಸಬಲದಿಂದ ನೀರಿನ ಪಾತ್ರೆ ತೆಗೆದುಕೊಂಡು ಹೋದೆ.

ಮಗಳಿಗೆ ಫೋನು ಮಾಡಿ ಗಿಲಕಿಯ ವಿಷಯ ಹೇಳಿದೆ, ನಗುತ್ತಾಳೆ ಎಂದು. ನಗಲಿಲ್ಲ. ಶನಿವಾರ ಬರುತ್ತೇನೆ ಅಮ್ಮ ಎಂದು ಇಟ್ಟುಬಿಟ್ಟಳು. ನನಗೆ ಅರ್ಥವಾಯಿತು. ಅರ್ಥವಾಗಿಲ್ಲ ಎಂದುಕೊಂಡು ಪಾತ್ರೆ ತೊಳೆದೆ.

ಅಕ್ಟೋಬರ್ 12, ಶನಿವಾರ

ಪುಟ್ಟಿ ಬಂದಿದ್ದಾಳೆ. ಪುಟ್ಟಿ ಎಂದರೆ ಮಗಳು, ಇಪ್ಪತ್ತಾರು ತುಂಬಿದರೂ ಪುಟ್ಟಿಯೇ. ಸಡಿಲವಾದ ಅಂಗಿ ಹಾಕಿದ್ದಾಳೆ. ನಾನು ಕೇಳುವ ಮೊದಲೇ ನನ್ನ ಕೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಐದನೆಯ ತಿಂಗಳು ನಡೆಯುತ್ತಿದೆಯಂತೆ. ಹೋದ ವರ್ಷದ ಬಸಿರು ಹೋದದ್ದೂ ಐದರಲ್ಲೇ.

ಅಜ್ಜಿಗೆ ಮಾತ್ರ ಹೇಳಿದ್ದಳಂತೆ, ಆಗಸ್ಟಿನಲ್ಲಿ, ಫೋನಿನಲ್ಲಿ. ಯಾರಿಗೂ ಹೇಳುವುದಿಲ್ಲ ಎಂದು ಮಾತು ತೆಗೆದುಕೊಂಡಿದ್ದಳು. ಗಿಲಕಿ ಕಟ್ಟಿದ್ದು ಅದಾದ ಎರಡು ದಿನಕ್ಕೆ. ಬೆರಳ ಗಂಟು ನೋವಿದ್ದವರು, ನಾನು ಮನೆಯಲ್ಲಿ ಇಲ್ಲದ ಹೊತ್ತು ನೋಡಿ ಕಟ್ಟಿದ್ದಾರೆ. ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಕೇಳಬಾರದಿತ್ತೋ ಏನೋ.

"ಅಮ್ಮ, ಹೋದ ಸಲ ನೀನು ಅತ್ತಿದ್ದು ನೋಡಿ ನನಗೆ ಅಳೋಕೆ ಜಾಗಾನೇ ಇರಲಿಲ್ಲ," ಎಂದಳು. ಸಿಟ್ಟಿನಿಂದ ಅಲ್ಲ. ನನ್ನನ್ನು ಸಮಾಧಾನ ಮಾಡುವ ದನಿಯಲ್ಲೇ ಹೇಳಿದಳು, ಅದೇ ಹೆಚ್ಚು ನೋಯಿತು. ನಿಜ. ಆಗ ಆಸ್ಪತ್ರೆಯ ಮಂಚದ ಮೇಲೆ ಮಲಗಿದ್ದವಳು ಅವಳು, ಬೆನ್ನು ಸವರಿಸಿಕೊಂಡವಳು ನಾನು. ಅತ್ತೆ ಆ ದಿನ ಒಂದು ಹನಿಯೂ ಹಾಕದೆ ಬಾಗಿಲ ಬಳಿ ನಿಂತಿದ್ದರು. ಕಲ್ಲುಮನಸ್ಸಿನವರು ಎಂದು ನಾನು ಇವರ ಮುಂದೆ ಆಡಿಕೊಂಡಿದ್ದೆ.

ಪುಟ್ಟಿ ಗಿಲಕಿಯನ್ನು ಮುಟ್ಟಲಿಲ್ಲ. ದೂರದಿಂದ ನೋಡಿ, ಸುಡಬೇಡ, ಹೀಗೇ ಇಟ್ಟಿರು ಎಂದಳು. ಬೆಂಕಿಯಲ್ಲಿ ಒಡೆದರೆ ನನಗೆ ತಡೆಯಲಾಗುವುದಿಲ್ಲ ಎಂದಳು. ನಾನು ಚಾಕು ಇಟ್ಟ ಜಾಗದಲ್ಲಿ ಹೊಸ ಮಣ್ಣು ಹಚ್ಚಿದ್ದೇನೆ, ಅದು ಬಿರಿದರೂ ಬಿರಿಯಬಹುದು. ಅದು ನನಗೆ ಗೊತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ.

"ಸುಡದೇ ಇದ್ರೆ ಅದು ಬರೀ ಮಣ್ಣು, ಹುಡುಗಿ," ಎಂದೆ. "ಒಂದು ಲೋಟ ನೀರು ಬಿದ್ರೆ ಮುಗೀತು."

ಅವಳು ನನ್ನನ್ನು ವಿಚಿತ್ರವಾಗಿ ನೋಡಿ, "ಅಜ್ಜಿ ಥರಾನೇ ಅಂದೆ" ಎಂದಳು. ಏನು ಅಂದೆನೋ. ಮಂಡಿ ನೋಯುತ್ತಿತ್ತು, ಕಿಟಕಿಯ ಕುರ್ಚಿಯಲ್ಲಿ ಕೂತು ಮಿಕ್ಕ ಹಕ್ಕಿಗಳನ್ನು ಬರೆದು ಮುಗಿಸಿದೆ.

ಅಕ್ಟೋಬರ್ 23

ಅಂಗಡಿಯಾಕೆ ಹಕ್ಕಿ ಡಬ್ಬಿಗಳನ್ನು ತೆಗೆದುಕೊಂಡಳು. ಈ ಹಕ್ಕಿಗಳು ಎಡಕ್ಕೆ ತಿರುಗಿವೆಯಲ್ಲ ಎಂದಳು. ಅತ್ತೆ ಎಡಚರು, ಅವರವು ಬಲಕ್ಕೆ ನೋಡುತ್ತಿದ್ದವು. ಹಳೆಯವನ್ನೂ ಹೊಸವನ್ನೂ ಜೋಡಿಯಾಗಿ ಇಟ್ಟರೆ ಒಂದನ್ನೊಂದು ನೋಡುತ್ತವೆ. ಅವಳು ಹಾಗೆಯೇ ಇಟ್ಟಳು. ಜಗಳ ಆಡುವಂತೆ ಕಾಣುತ್ತವೆ ಎಂದು ನಕ್ಕಳು.

ಗಿಲಕಿಯನ್ನು ಕೆನ್ನೆಗೆ ಒತ್ತಿ ನೋಡಿದೆ. ಇನ್ನೂ ತಣ್ಣಗಿದೆ. ಒಳಗೆ ತೇವ ಇದೆ.

ನವೆಂಬರ್ 2, ಶನಿವಾರ

ಗಿಲಕಿ ಕೆನ್ನೆಗೆ ತಣ್ಣಗೆನಿಸಲಿಲ್ಲ. ಬೆಳಿಗ್ಗೆ ಭಟ್ಟಿಗೆ ಇಟ್ಟೆ.

ಬೇರೇನನ್ನೂ ಜೊತೆಗಿಡಲಿಲ್ಲ. ಒಂದು ಪುಟ್ಟ ವಸ್ತುವಿಗೆ ಇಡೀ ಭಟ್ಟಿಯ ಕರೆಂಟು ಸುಡುವುದನ್ನು ಅತ್ತೆ ನೋಡಿದ್ದರೆ ಅರಮನೆಯಲ್ಲಿ ಹುಟ್ಟಿದ್ದೀಯ ಎನ್ನುತ್ತಿದ್ದರು. ಅನ್ನಲಿ. ನನ್ನ ಡಬ್ಬಿಯೊಂದು ಒಡೆದು ಅದಕ್ಕೆ ತಾಗಿದರೆ ನಾನು ಯಾರಿಗೆ ಮುಖ ತೋರಿಸಲಿ? ಮೆರುಗು ಹಾಕಲಿಲ್ಲ, ಮಗು ಬಾಯಿಗೆ ಹಾಕುವ ವಸ್ತು. ಬಹಳ ನಿಧಾನವಾಗಿ ಕಾಯಿಸಿದೆ. ಇವರು ರಜೆ ಹಾಕಿ ನನ್ನ ಜೊತೆ ಕೂತರು. ಮಧ್ಯಾಹ್ನ ಭಟ್ಟಿಯ ಕಿಂಡಿಯಿಂದ ಎಳೆಯಷ್ಟು ಹೊಗೆ ಬಂತು, ಕಾಗದ ಸುಟ್ಟ ವಾಸನೆ. ಅವತ್ತಿನ ಪೇಪರಿರಬೇಕು ಎಂದರು ಇವರು. ಅತ್ತೆ ಪೇಪರ್ ಓದದೆ ಹರಿಯುತ್ತಿರಲಿಲ್ಲ, ಓದಿಯೇ ಸುತ್ತಿರುತ್ತಾರೆ.

ಸಿಡಿದರೆ ಪಟಾರ್ ಎಂದು ಕೇಳುತ್ತದೆ. ದಿನವೆಲ್ಲ ನಾನು ಕಿವಿಯೇ ಆಗಿದ್ದೆ. ಹಲಗೆಯ ಮೇಲೆ ಟಿಣ್ ಎಂದಾಗಲೆಲ್ಲ ಇಬ್ಬರೂ ಭಟ್ಟಿಯ ಕಡೆ ನೋಡಿದೆವು. "ಸುಮ್ಮನಿರಿ, ಕರೀತಿದಾವೆ ಅಷ್ಟೇ" ಎಂದೆ ಇವರಿಗೆ.

ನವೆಂಬರ್ 4, ಸೋಮವಾರ

ನಿನ್ನೆಯೆಲ್ಲ ತಣ್ಣಗಾಗಲು ಬಿಟ್ಟೆ. ಬೆಳಿಗ್ಗೆ ಬಾಗಿಲು ತೆರೆಯುವ ಮೊದಲು ಕೈ ಮೂರು ಸಲ ಹಿಂದೆ ಬಂತು. ಚೂರುಗಳನ್ನು ನೋಡಲು ಮನಸ್ಸು ಗಟ್ಟಿ ಮಾಡಿಕೊಂಡು ತೆರೆದೆ.

ಇಡಿಯಾಗಿದೆ. ನಾನು ಚಾಕು ಇಟ್ಟ ಜಾಗದಲ್ಲಿ ಕೂದಲಿನಂಥ ಒಂದು ಗೆರೆ, ಹಕ್ಕಿಯ ಕುತ್ತಿಗೆಯ ಕೆಳಗೆ. ಉಗುರು ಇಟ್ಟು ನೋಡಿದೆ, ಆಳವಿಲ್ಲ. ಇನ್ನೊಂದು ಗರಿಯೆಂದೇ ಯಾರಾದರೂ ತಿಳಿಯುತ್ತಾರೆ. ಕಣ್ಣು ಹಾಗೆಯೇ ಕಪ್ಪಗಿದೆ, ನೋಡುತ್ತಿದೆ. ನೋಡಲಿ.

ಅಲ್ಲಾಡಿಸಲಿಲ್ಲ. ಮೊದಲು ಪುಟ್ಟಿಗೆ ಫೋನು ಮಾಡಿದೆ. ಐದು ತುಂಬಿ ಎರಡು ದಿನವಾಯಿತು ಅಮ್ಮ, ಡಾಕ್ಟರು ಎಲ್ಲ ಸರಿಯಿದೆ ಅಂದರು, ಆದರೂ ಹೆದರಿಕೆ ಹೋಗುವುದಿಲ್ಲ ಎಂದಳು. ಹೋಗುವುದಿಲ್ಲ, ಹೆದರಿಕೊಂಡೇ ಇರು, ನಾನಿದ್ದೇನೆ ಎಂದೆ. ಆಮೇಲೆ ಫೋನನ್ನು ಹತ್ತಿರ ಹಿಡಿದು ಗಿಲಕಿಯನ್ನು ಅಲ್ಲಾಡಿಸಿದೆ.

ಎರಡು ತಿಂಗಳು ಕಾಗದದೊಳಗೆ ಹೊರಳುತ್ತಿದ್ದ ಆ ಮಂಕು ಸದ್ದಲ್ಲ. ಗಿಲ್ ಗಿಲ್ ಎಂದು, ತೆಳ್ಳಗೆ, ಸ್ಪಷ್ಟವಾಗಿ. ಕೋಣೆಯೆಲ್ಲ ಕೇಳಿಸಿತು.

"ಇನ್ನೊಂದ್ ಸಲ," ಎಂದಳು ಪುಟ್ಟಿ.

ಅಲ್ಲಾಡಿಸಿದೆ. ಅವಳು ಅಳತೊಡಗಿದಳು. ನಾನು ಅಳಲಿಲ್ಲ. ಕಿಟಕಿಯ ಕುರ್ಚಿಯಲ್ಲಿ ಕೂತು, ಅವಳ ಅಳು ಮುಗಿಯುವ ತನಕ ಮೆಲ್ಲಗೆ ಅಲ್ಲಾಡಿಸುತ್ತಲೇ ಇದ್ದೆ.